ಕೊಂಡಜ್ಜಿಯಲ್ಲಿ ಏಳು ದಿನ: ಬೇಸಿಗೆ ಶಿಬಿರಕ್ಕೆ ಸ್ಕೌಟ್ ಮಕ್ಕಳನ್ನು ಕರೆದೊಯ್ಯುವವರಿಗೆ

ಏಪ್ರಿಲ್ ಕೊನೆಯ ವಾರ ಚಿತ್ರದುರ್ಗದಿಂದ ಇಪ್ಪತ್ತನಾಲ್ಕು ಹುಡುಗರನ್ನು ಕರೆದುಕೊಂಡು ಕೊಂಡಜ್ಜಿಗೆ ಹೋಗಿ ಏಳು ದಿನ ಇದ್ದು ಬಂದೆವು. ಬಂದ ಮೇಲೆ ಬೇರೆ ಶಾಲೆಗಳ ಮೂರ್ನಾಲ್ಕು ಸ್ಕೌಟ್ ಮಾಸ್ಟರುಗಳು ಫೋನ್ ಮಾಡಿದರು. ಬಿಸಿಲು ತಡೀತಾರಾ, ನೀರಿಗೇನು ಮಾಡಿದ್ರಿ, ಸಣ್ಣ ಹುಡುಗರು ಅಳಲಿಲ್ವಾ, ಮಳೆ ಬಂದಾಗ ಏನ್ ಮಾಡಿದ್ರಿ ಎಂದು ಎಲ್ಲರದೂ ಒಂದೇ ಬಗೆಯ ಪ್ರಶ್ನೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆದಿಡುತ್ತಿದ್ದೇನೆ.

ಕೊಂಡಜ್ಜಿ ಇರುವುದು ಹರಿಹರ ತಾಲ್ಲೂಕಿನಲ್ಲಿ, ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್. ಒಂದು ಕಡೆ ಕೆರೆ, ಅದರ ಪಕ್ಕಕ್ಕೆ ಗುಡ್ಡ, ಕುರುಚಲು ಗಿಡಗಳ ಕಾಯ್ದಿಟ್ಟ ಅರಣ್ಯ. ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ ಇರುವುದು ಇಲ್ಲೇ. ಈ ಊರಿನ ಹೆಸರನ್ನೇ ಹೊತ್ತ ಕೊಂಡಜ್ಜಿ ಬಸಪ್ಪನವರು ನಮ್ಮ ರಾಜ್ಯದ ಸ್ಕೌಟ್ ಚಳವಳಿಗಾಗಿ ದುಡಿದವರು. ಚಿತ್ರದುರ್ಗದಿಂದ ಹೆದ್ದಾರಿ ಹಿಡಿದರೆ ದಾವಣಗೆರೆಗೆ ಅರವತ್ತು ಕಿಲೋಮೀಟರ್ ಆಸುಪಾಸು, ಒಂದೂವರೆ ಗಂಟೆಯ ದಾರಿ. ಬೆಂಗಳೂರು ಅಥವಾ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬರುವವರು ದಾವಣಗೆರೆಯಲ್ಲೋ ಹರಿಹರದಲ್ಲೋ ಇಳಿಯಬಹುದು. ಟೆಂಟು, ಪಾತ್ರೆ, ಬಿದಿರು ಎಲ್ಲ ಹೊತ್ತುಕೊಂಡು ಬಸ್ ಬದಲಿಸುವುದು ಮಾತ್ರ ಬೇಡ. ನಾವು ಸಾಮಾನಿಗೆಂದೇ ಒಂದು ಸಣ್ಣ ಲಗೇಜ್ ಗಾಡಿ ಮಾಡಿ ಮೊದಲೇ ಕಳಿಸಿದ್ದು ಬಹಳ ಅನುಕೂಲವಾಯಿತು.

ನನಗೆ ಈ ಏಳು ದಿನದಲ್ಲಿ ಖಾತ್ರಿಯಾದದ್ದು ಇಷ್ಟು. ದೊಡ್ಡವರು ಮಾಡಬೇಕಾದ ಕೆಲಸವೆಲ್ಲ ಊರು ಬಿಡುವ ಮೊದಲೇ ಮುಗಿದಿರಬೇಕು. ಶಿಬಿರದ ಜಾಗಕ್ಕೆ ಹೋದ ಮೇಲೆ ಕೆಲಸ ಮಕ್ಕಳದು. ನಾವು ಅಲ್ಲಿ ಓಡಾಡುತ್ತಾ ಹಗ್ಗ ಕಟ್ಟುತ್ತಾ, ಒಲೆ ಊದುತ್ತಾ ಇದ್ದರೆ ಅವರು ಬರೀ ನೆಂಟರ ಮನೆಗೆ ಬಂದವರ ಹಾಗೆ ಕೂತಿರುತ್ತಾರೆ.

ಹಾಗಾಗಿ ಮೊದಲು ಊರಲ್ಲೇ ಮುಗಿಸಬೇಕಾದ್ದು. ಜಿಲ್ಲಾ ಸಂಸ್ಥೆಗೆ ಮತ್ತು ಕೇಂದ್ರಕ್ಕೆ ಎರಡು ತಿಂಗಳ ಮೊದಲೇ ಪತ್ರ ಬರೆದು ಅನುಮತಿ, ದಿನಾಂಕ ಖಚಿತ ಮಾಡಿಕೊಳ್ಳಿ. ರಜೆಯಲ್ಲಿ ಬೇರೆ ಶಿಬಿರಗಳೂ ಇರುತ್ತವೆ. ಪಾಲಕರ ಒಪ್ಪಿಗೆ ಪತ್ರದಲ್ಲಿ ಬರೀ ಸಹಿ ಸಾಲದು. ಮಗುವಿಗೆ ಆಸ್ತಮಾ, ಫಿಟ್ಸ್ ಇದೆಯೇ, ಯಾವ ಮಾತ್ರೆ ಒಗ್ಗುವುದಿಲ್ಲ, ಈಜು ಬರುತ್ತದೆಯೇ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆಯೇ ಎಲ್ಲ ಬರೆಸಿಕೊಳ್ಳಿ. ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಾಗದದಲ್ಲಿ ಕೇಳಿದರೆ ಬರೆಯುತ್ತಾರೆ. ಅಂಥ ಒಬ್ಬ ಹುಡುಗನನ್ನು ರಾತ್ರಿ ಹನ್ನೊಂದಕ್ಕೆ ಸದ್ದಿಲ್ಲದೆ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗುತ್ತಿದ್ದೆವು. ಏಳು ದಿನದಲ್ಲಿ ಜೊತೆಯವರಿಗೆ ಯಾರಿಗೂ ಗೊತ್ತಾಗಲಿಲ್ಲ.

ತಂಡಗಳನ್ನೂ ಊರಲ್ಲೇ ಮಾಡಿ. ನಮ್ಮದು ಎಂಟೆಂಟು ಹುಡುಗರ ಮೂರು ತಂಡ, ಒಂದೊಂದಕ್ಕೆ ಒಬ್ಬ ಪೆಟ್ರೋಲ್ ಲೀಡರ್, ಅಂದರೆ ಹುಡುಗರಲ್ಲೇ ಒಬ್ಬ ತಂಡದ ನಾಯಕ. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗ ಬಂದಿದ್ದ ಹುಡುಗರು ಇಪ್ಪತ್ತರ ಆಸುಪಾಸು, ಅವರನ್ನೂ ನಾಲ್ಕು ತಂಡ ಮಾಡಿ ಅವರವರ ನಾಯಕರ ಕೈಗೆ ಒಪ್ಪಿಸಿದ್ದರು. ಅಂದಿನಿಂದ ಇಂದಿನವರೆಗೆ ಇಡೀ ಸ್ಕೌಟಿಂಗ್ ನಿಂತಿರುವುದು ಅದರ ಮೇಲೆಯೇ. ಒಂದು ತಂಡದಲ್ಲಿ ಎಲ್ಲರೂ ಒಂದೇ ತರಗತಿಯವರಾಗದಂತೆ ನೋಡಿಕೊಳ್ಳಿ. ಹತ್ತನೇ ತರಗತಿ ಮುಗಿಸಿದವನೊಬ್ಬ, ಆರನೇ ತರಗತಿಯವರಿಬ್ಬರು ಇದ್ದರೆ ದೊಡ್ಡವನಿಗೆ ಜವಾಬ್ದಾರಿ, ಸಣ್ಣವರಿಗೆ ಅಣ್ಣ.

ಇನ್ನು ಬಿಸಿಲು. ಬೆಳಿಗ್ಗೆ ಹತ್ತೂವರೆಗೆ ನೆಲ ಕಾದಿರುತ್ತದೆ. ನಾವು ಐದಕ್ಕೇ ಎದ್ದು, ವ್ಯಾಯಾಮ, ಟೆಂಟು ತಪಾಸಣೆ, ಧ್ವಜಾರೋಹಣ, ಓಡಾಟದ ಕೆಲಸವನ್ನೆಲ್ಲ ಹತ್ತರೊಳಗೆ ಮುಗಿಸುತ್ತಿದ್ದೆವು. ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಟ್ಟು ಕದಲುವಂತಿಲ್ಲ. ಆ ಹೊತ್ತು ಗಂಟು ಕಲಿಯುವುದಕ್ಕೆ, ಪ್ರಥಮ ಚಿಕಿತ್ಸೆಗೆ, ಒಂದು ಗಂಟೆ ನಿದ್ದೆಗೆ. ಒಬ್ಬ ಹುಡುಗನಿಗೆ ದಿನಕ್ಕೆ ಕುಡಿಯಲು ಮೂರೂವರೆ ಲೀಟರಾದರೂ ನೀರು ಬೇಕು. ಕೊಡುತ್ತೇವೆ ಎಂದರೆ ಕುಡಿಯುವುದಿಲ್ಲ, ಆಟದ ಮೇಲಿರುತ್ತಾರೆ. ಹಾಗಾಗಿ ಸೀಟಿ ಊದಿದಾಗಲೆಲ್ಲ ಬಾಟಲಿ ಎತ್ತಬೇಕು ಎಂದು ಪೆಟ್ರೋಲ್ ಲೀಡರುಗಳೇ ನಿಯಮ ಮಾಡಿದರು. ಮಧ್ಯಾಹ್ನ ಉಪ್ಪು ಹಾಕಿದ ನೀರು ಮಜ್ಜಿಗೆ, ಸಂಜೆ ರಾಗಿ ಅಂಬಲಿ. ಓಆರ್‌ಎಸ್ ಪೊಟ್ಟಣ ಮೂವತ್ತು ಒಯ್ದಿದ್ದೆವು, ಆರು ಖರ್ಚಾದವು.

ಕೆರೆಯ ವಿಷಯದಲ್ಲಿ ಸಡಿಲ ಬಿಡಬೇಡಿ. ದಂಡೆಗೆ ಹೋಗುವುದಾದರೆ ದೊಡ್ಡವರೊಬ್ಬರು ಜೊತೆಗಿರಬೇಕು, ನೀರಿಗಿಳಿಯುವ ಮಾತೇ ಇಲ್ಲ. ಈಜು ಬರುವ ಹುಡುಗರೇ ಹೆಚ್ಚು ಧೈರ್ಯ ಮಾಡುವುದು. ಕೆರೆಯ ತಳ ನಮ್ಮ ಊರಿನ ಬಾವಿಯ ಹಾಗಲ್ಲ, ಹೂಳಿರುತ್ತದೆ, ಕಾಲು ಕಚ್ಚಿಕೊಳ್ಳುತ್ತದೆ ಎಂದು ಮೊದಲ ದಿನವೇ ಕೂರಿಸಿ ಹೇಳಿದೆ.

ಎರಡನೆಯ ರಾತ್ರಿ. ಅದನ್ನು ಕಾಯ್ದುಕೊಂಡಿರಿ, ಅಳು ಬರುವುದು ಆವತ್ತೇ. ಮೊದಲ ರಾತ್ರಿ ಹೊಸತರ ಸಂಭ್ರಮದಲ್ಲಿ ಕಳೆದುಹೋಗುತ್ತದೆ. ಆರನೇ ತರಗತಿಯ ಹುಡುಗನೊಬ್ಬ ಊಟದ ತಟ್ಟೆ ಹಾಗೇ ಇಟ್ಟುಕೊಂಡು ಕೂತಿದ್ದ. ಹತ್ತಿರ ಹೋಗಿ ಕೇಳಿದರೆ "ಸಾ, ಅವ್ವ ನೆನಪಾಗ್ತಾಳೆ" ಅಂದ, ಅಷ್ಟೇ. ಫೋನ್ ಹಚ್ಚಿಕೊಡೋಣ ಎಂದು ಕೈ ಜೇಬಿಗೆ ಹೋಗಿತ್ತು. ಅಷ್ಟರಲ್ಲಿ ಅವನ ಪೆಟ್ರೋಲ್ ಲೀಡರ್ ಬಂದು ಪಕ್ಕದಲ್ಲಿ ಕೂತು, "ಬಾರಲೇ, ನಾಳೆ ಬಾವುಟ ಕಟ್ಟೋನು ನೀನೇ. ಗಂಟು ಬರ್ಬೇಕಲ್ಲ, ಕಲಿ ಬಾ" ಎಂದು ಲಾಟೀನಿನ ಹತ್ತಿರ ಕರೆದುಕೊಂಡು ಹೋದ.

ನಾನು ದೂರದಲ್ಲೇ ನಿಂತು ನೋಡಿದೆ. ಧ್ವಜದ ಹಗ್ಗಕ್ಕೆ ಹಾಕುವುದು ಶೀಟ್ ಬೆಂಡ್. ಒಂದು ಹಗ್ಗ ಮಡಿಸಿ ಕಿವಿ ಮಾಡಿ ಹಿಡಿಯಬೇಕು, ಇನ್ನೊಂದರ ತುದಿಯನ್ನು ಕೆಳಗಿನಿಂದ ಆ ಕಿವಿಯೊಳಗೆ ತೂರಿಸಿ, ಹಿಂದಿನಿಂದ ಸುತ್ತಿ ತಂದು ತನ್ನದೇ ಹಗ್ಗದ ಕೆಳಗೆ ಸಿಕ್ಕಿಸಬೇಕು. ಸಣ್ಣವನು ಪ್ರತಿ ಸಲವೂ ಸುತ್ತಿ ತಂದ ತುದಿಯನ್ನು ಮತ್ತೆ ಕಿವಿಯೊಳಗೇ ತೂರಿಸುತ್ತಿದ್ದ, ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ದೊಡ್ಡವನು ಬೈಯಲಿಲ್ಲ, ತಾನು ಕಟ್ಟಿಯೂ ತೋರಿಸಲಿಲ್ಲ, "ಇನ್ನೊಂದ್ಸಲ" ಅನ್ನುತ್ತಿದ್ದ. ಹತ್ತನೆಯದೋ ಹನ್ನೊಂದನೆಯದೋ ಸಲಕ್ಕೆ ಗಂಟು ನಿಂತಿತು. ಮಾರನೆಯ ಬೆಳಿಗ್ಗೆ ಧ್ವಜ ಅವನೇ ಕಟ್ಟಿದ. ಆಮೇಲೆ ಮನೆಗೆ ಫೋನ್ ಮಾಡಬೇಕಾ ಎಂದು ಕೇಳಿದ್ದಕ್ಕೆ, ಸಂಜೆ ಮಾಡ್ತೀನಿ ಸಾ ಅಂದ. ಸಂಜೆ ನೆನಪಿಸಿದ್ದು ನಾನೇ.

ಮೊಬೈಲನ್ನು ಮಕ್ಕಳ ಕೈಗೆ ಕೊಡಬೇಡಿ, ಪಾಲಕರಿಗೂ ಮೊದಲೇ ತಿಳಿಸಿ. ದಿನಾ ಸಂಜೆ ಎಲ್ಲರೂ ಕ್ಷೇಮ ಎಂದು ಮಾಸ್ತರರ ಫೋನಿನಿಂದ ಒಂದು ಸಂದೇಶ ಹೋದರೆ ಸಾಕು.

ಮಳೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ತಪ್ಪು ನನ್ನದು. ಭರಣಿ ಮಳೆ ಬಂದರೆ ಧರಣಿಗೆಲ್ಲ ಬೆಳೆ ಎಂದು ನಮ್ಮ ಕಡೆ ರೈತರು ಕಾಯುತ್ತಾರೆ. ನಾವು ಹೋದದ್ದು ಅಶ್ವಿನಿ ಮುಗಿದು ಭರಣಿ ಹುಟ್ಟುವ ಹೊತ್ತಿಗೆ. ಇಡೀ ದಿನ ಸುಡುತ್ತಿದ್ದ ಆಕಾಶ ಸಂಜೆ ಅರ್ಧ ಗಂಟೆಯಲ್ಲಿ ಕಪ್ಪಾಗುವುದು ಈ ದಿನಗಳಲ್ಲೇ. ಇದು ಗೊತ್ತಿದ್ದೂ ಮೂರು ಟೆಂಟುಗಳಿಗೆ ಜಾಗ ತೋರಿಸುವಾಗ ಮಣ್ಣು ಮೆತ್ತಗಿದೆ, ಗೂಟ ಸಲೀಸಾಗಿ ಇಳಿಯುತ್ತದೆ ಎಂದು ತಗ್ಗಿನ ಜಾಗವನ್ನು ತೋರಿಸಿದ್ದೆ. ಮಣ್ಣು ಅಲ್ಲಿ ಮೆತ್ತಗಿದ್ದದ್ದು ಮೇಲಿನ ನೀರು ಹರಿದು ಬಂದು ನಿಲ್ಲುವ ಜಾಗವಾದ್ದರಿಂದ. ಜಾಗ ಆರಿಸುವುದನ್ನೂ ಹುಡುಗರಿಗೇ ಬಿಟ್ಟು, ಯಾಕೆ ಆರಿಸಿದಿರಿ ಎಂದು ಕೇಳಿದ್ದರೆ ಯಾರಾದರೂ ಒಬ್ಬ ಇದನ್ನು ಹೇಳುತ್ತಿದ್ದ.

ನಾಲ್ಕನೆಯ ಸಂಜೆ ಗುಡ್ಡದ ಹಿಂದಿನಿಂದ ಮಿಂಚತೊಡಗಿತು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಲು ಹುಡುಗರಿಗೆ ಹೇಳಿಕೊಟ್ಟಿದ್ದೆವು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ. ಮೂವತ್ತರೊಳಗೆ ಬಂದರೆ ಬಯಲಿನಲ್ಲಿ ಇರಬಾರದು, ಒಂಟಿ ಮರದ ಕೆಳಗಂತೂ ನಿಲ್ಲಲೇಬಾರದು. ಇಪ್ಪತ್ತೆಂಟು ಎಂದು ಯಾರೋ ಕೂಗಿದರು. ಅಷ್ಟಕ್ಕೇ ಮೂರೂ ತಂಡದವರು ಹಾಸಿಗೆ ಸುತ್ತಿಕೊಂಡು ಕಟ್ಟಡದ ಒಳಗೆ ಸಾಲಾಗಿ ಬಂದು ಕೂತರು, ತಲೆ ಎಣಿಸಿ ವರದಿ ಕೊಟ್ಟರು. ಮಳೆ ಸುರಿದದ್ದು ಮುಕ್ಕಾಲು ಗಂಟೆ. ಎರಡು ಟೆಂಟಿನೊಳಗೆ ನೀರು ನುಗ್ಗಿತ್ತು, ಒಂದು ಪೂರ್ತಿ ಮಲಗಿತ್ತು.

ಮಲಗಿದ್ದರ ಕಾರಣ ಬೇರೆ. ಹತ್ತಿ ಅಥವಾ ನಾರಿನ ಹಗ್ಗ ನೆನೆದರೆ ಕುಗ್ಗುತ್ತದೆ. ಬಿಗಿಯಾಗಿ ಕಟ್ಟಿಟ್ಟ ಹಗ್ಗ ಮಳೆಯಲ್ಲಿ ಇನ್ನೂ ಬಿಗಿದು ಗೂಟವನ್ನೇ ಕಿತ್ತುಹಾಕುತ್ತದೆ. ಮೋಡ ಕಂಡ ಕೂಡಲೇ, ಹಾಗೆಯೇ ದಿನಾ ರಾತ್ರಿ ಮಲಗುವ ಮೊದಲು, ಅಂಥ ಹಗ್ಗಗಳನ್ನು ಒಂದಿಷ್ಟು ಸಡಿಲಿಸಬೇಕು. ನೈಲಾನ್ ಹಗ್ಗದ್ದು ಉಲ್ಟಾ, ನೆನೆದರೆ ಹಿಗ್ಗುತ್ತದೆ, ಮಳೆ ಬಂದ ಮೇಲೆ ಬಿಗಿ ಮಾಡಬೇಕು. ಗೂಟ ನೆಟ್ಟಗೆ ಹೊಡೆಯದೆ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಹೊಡೆಯಿರಿ. ಮಾರನೆಯ ದಿನ ಪೆಟ್ರೋಲ್ ಲೀಡರುಗಳು ಕೂತು ಮಾತಾಡಿ ಟೆಂಟುಗಳನ್ನು ಎತ್ತರದ ಜಾಗಕ್ಕೆ ಸಾಗಿಸಿದರು, ಸುತ್ತ ಒಂದು ಗೇಣು ಆಳದ ಕಾಲುವೆ ತೋಡಿ ಇಳಿಜಾರಿನ ಕಡೆ ಬಾಯಿ ಬಿಟ್ಟರು. ನಾನು ಒಂದು ಮಾತೂ ಆಡಲಿಲ್ಲ. ಆರನೆಯ ರಾತ್ರಿ ಮತ್ತೆ ಮಳೆ ಬಂದಾಗ ಒಂದು ಚಾಪೆಯೂ ನೆನೆಯಲಿಲ್ಲ.

ಮಳೆ ತೊಳೆದ ಮೇಲಿನ ಆಕಾಶವನ್ನು ಬಿಡಬೇಡಿ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಎಂಟೂವರೆಗೆ ಸಪ್ತರ್ಷಿ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಮುಂದಿನ ಎರಡು ನಕ್ಷತ್ರಗಳ ಜಾಡು ಹಿಡಿದು ಕೆಳಗೆ ಬಂದರೆ ಧ್ರುವ. ನಮ್ಮ ಸೀಮೆಯಲ್ಲಿ ಧ್ರುವ ಬಹಳ ಕೆಳಗಿರುತ್ತದೆ, ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ. ಮರ ಅಡ್ಡ ಇರದ ಜಾಗ ಹಗಲಲ್ಲೇ ನೋಡಿಟ್ಟುಕೊಳ್ಳಿ. ಸಪ್ತರ್ಷಿಯಲ್ಲಿ ವಸಿಷ್ಠನ ಪಕ್ಕಕ್ಕೇ ಮಸುಕಾಗಿರುವ ಅರುಂಧತಿ ಯಾರಿಗೆ ಕಂಡಳು ಎಂದು ಹುಡುಗರು ಪಂತ ಕಟ್ಟಿದ್ದರು. ಕನ್ನಡಕ ಬೇಕಾದ ಇಬ್ಬರು ಹುಡುಗರು ಯಾರೆಂದು ನನಗೆ ಗೊತ್ತಾದದ್ದು ಆವತ್ತೇ, ಬಂದ ಮೇಲೆ ಅವರ ಮನೆಗೆ ತಿಳಿಸಿದೆ.

ಐದನೆಯ ದಿನ ಹರಿಹರಕ್ಕೆ ನಡಿಗೆ. ನಸುಕಿಗೇ ಹೊರಟು ನಡೆದು ಹೋಗಿ, ಬರುವಾಗ ಬಸ್ಸು ಹತ್ತುವುದು ಒಳ್ಳೆಯದು. ವಾಪಸ್ಸೂ ನಡೆಸುತ್ತೇವೆಂದರೆ ಬಿಸಿಲು ಬಿಡುವುದಿಲ್ಲ. ಹೊಸ ಶೂ ಹಾಕಿಕೊಂಡ ಮೂವರಿಗೆ ಅರ್ಧ ದಾರಿಯಲ್ಲೇ ಬೊಬ್ಬೆ ಎದ್ದವು. ಶಿಬಿರಕ್ಕೆಂದು ಶೂ ಕೊಳ್ಳುವುದಾದರೆ ತಿಂಗಳ ಮೊದಲೇ ಕೊಂಡು ಸವೆಸಿರಬೇಕು. ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು, ಎರಡನೇ ವೀರ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಬಲಗಡೆ ಶಿವ, ಎಡಗಡೆ ವಿಷ್ಣು, ಒಂದೇ ಮೂರ್ತಿ. ಸುಮ್ಮನೆ ನೋಡಿ ಬನ್ನಿ ಅಂದರೆ ಹತ್ತು ನಿಮಿಷದಲ್ಲಿ ಹೊರಗಿರುತ್ತಾರೆ. ನಾವು ಒಂದೊಂದು ತಂಡಕ್ಕೆ ಒಂದೊಂದು ಕೆಲಸ ಕೊಟ್ಟೆವು. ಒಂದು ತಂಡ ಹೊರಗಿನ ನೆಳಲು ಅಳೆದು ಎತ್ತರ ಅಂದಾಜು ಮಾಡಬೇಕು, ಇನ್ನೊಂದು ಕಂಬಗಳ ನಕ್ಷೆ ಬರೆಯಬೇಕು, ಮೂರನೆಯದು ಶಾಸನದ ಕಲ್ಲಿನಲ್ಲಿ ಈಗ ಓದಲು ಬರುವ ಅಕ್ಷರಗಳನ್ನು ಹುಡುಕಬೇಕು. ಒಂದೂವರೆ ಗಂಟೆ ಯಾರೂ ಹೊರಡುವ ಮಾತೆತ್ತಲಿಲ್ಲ. ಸೂಳೆಕೆರೆಯ ಹರಿದ್ರಾ ಹಳ್ಳ ತುಂಗಭದ್ರೆಯನ್ನು ಸೇರುವುದೂ ಹರಿಹರದ ಹತ್ತಿರವೇ, ನಕ್ಷೆಯಲ್ಲಿ ತೋರಿಸಿ.

ಅಡುಗೆಗೆ ಸೌದೆ ನೀವೇ ಒಯ್ಯಿರಿ. ಕಾಯ್ದಿಟ್ಟ ಅರಣ್ಯದಲ್ಲಿ ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ. ಹುಲ್ಲು ಒಣಗಿ ನಿಂತಿರುವ ಕಾಲವಾದ್ದರಿಂದ ಒಲೆಯ ಸುತ್ತ ಹತ್ತಡಿ ಹೆರೆದು, ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಇಟ್ಟುಕೊಂಡೇ ಬೆಂಕಿ ಹಚ್ಚುತ್ತಿದ್ದೆವು. ಬೆಳಿಗ್ಗೆ ಅವಲಕ್ಕಿ ಇಲ್ಲವೇ ಉಪ್ಪಿಟ್ಟು, ಮಧ್ಯಾಹ್ನ ಮುದ್ದೆ ಸಾರು, ರಾತ್ರಿ ಅನ್ನ. ಸಂಜೆಗೆ ಮಂಡಕ್ಕಿ ಒಂದು ಚೀಲ ಒಯ್ದರೆ ಬಹಳ ಆಸರೆ, ಕೆಡುವುದಿಲ್ಲ, ಒಗ್ಗರಣೆ ಹಾಕಲು ಐದು ನಿಮಿಷ. ಪಾತ್ರೆಯಿಲ್ಲದ ಅಡುಗೆಯ ದಿನ ಆಲೂಗಡ್ಡೆಗೆ ಒದ್ದೆ ಮಣ್ಣು ಮೆತ್ತಿ ಕೆಂಡದಲ್ಲಿ ಹೂತರು. ಮುಕ್ಕಾಲು ಗಂಟೆ ಕಾಯುವ ತಾಳ್ಮೆ ಇದ್ದ ತಂಡದ್ದು ಮಾತ್ರ ಬೆಂದಿತ್ತು.

ಹಾವು ಚೇಳಿನ ಭಯ ಪಾಲಕರಿಗೆ ಇದ್ದೇ ಇರುತ್ತದೆ. ರಾತ್ರಿ ಟಾರ್ಚ್ ಇಲ್ಲದೆ ಕಾಲಿಡಬಾರದು, ಬೆಳಿಗ್ಗೆ ಶೂ ಕೊಡವದೆ ಹಾಕಿಕೊಳ್ಳಬಾರದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗದಂತೆ ಹಿಡಿದು ಮಗುವನ್ನು ನಡೆಸದೆ ನೇರ ದಾವಣಗೆರೆಯ ದೊಡ್ಡಾಸ್ಪತ್ರೆಗೆ. ಇದಕ್ಕಾಗಿ ಏಳು ದಿನವೂ ಒಂದು ವಾಹನ ಶಿಬಿರದಲ್ಲೇ ಇರಲಿ, ಖರ್ಚೆಂದು ನೋಡಬೇಡಿ. ನಮಗೆ ಅದರ ಅಗತ್ಯ ಬೀಳಲಿಲ್ಲ. ಆದರೂ ಮುಂದಿನ ಸಲವೂ ಇಟ್ಟುಕೊಳ್ಳುತ್ತೇನೆ.

ಹೊರಡುವ ದಿನದ ಕೆಲಸಕ್ಕೆ ಪೂರ್ತಿ ಅರ್ಧ ದಿನ ಎತ್ತಿಡಿ. ತೋಡಿದ ಕಾಲುವೆ ಮುಚ್ಚಿ, ಒಲೆಯ ಬೂದಿ ತಣಿಸಿ ಹೂತು, ಹುಡುಗರು ಸಾಲಾಗಿ ನಿಂತು ನೆಲ ನೋಡುತ್ತಾ ನಡೆದರೆ ಒಂದು ಚಾಕಲೇಟ್ ಕಾಗದವೂ ಉಳಿಯುವುದಿಲ್ಲ. ನಮ್ಮ ಟೆಂಟುಗಳು ಇನ್ನೂ ಹಸಿ ಇದ್ದವು. ಬೇರೆ ದಾರಿಯಿಲ್ಲದೆ ಹಾಗೇ ಮಡಚಿ ತಂದೆವು, ಆದರೆ ಊರು ಮುಟ್ಟಿದ ದಿನವೇ ಶಾಲೆಯ ಮೈದಾನದಲ್ಲಿ ಹರಡಿದೆವು. ಹಸಿಯಾಗಿ ಕಟ್ಟಿಟ್ಟ ಬಟ್ಟೆಗೆ ವಾರದೊಳಗೆ ಬೂಷ್ಟು ಹತ್ತುತ್ತದೆ. ಎರಡು ದಿನ ಎರಡೂ ಮಗ್ಗುಲು ಒಣಗಿಸಿ, ಗೂಟಗಳನ್ನು ತೊಳೆದು ಎಣಿಸಿದಾಗ ನಾಲ್ಕು ಕಡಿಮೆ ಬಂದವು. ಮುಂದಿನ ವರ್ಷದ ಪಟ್ಟಿಯಲ್ಲಿ ಹುಡುಗರು ಎಂಟು ಹೆಚ್ಚಿಗೆ ಬರೆದಿದ್ದಾರೆ.