ಅಮಾಲಾ ಜೊತೆ ಗದ್ದುಗೆಗೆ

ನಮ್ಮ ಸುಂಟಿಕೊಪ್ಪದಿಂದ ಬೈಲುಕುಪ್ಪೆ ಏನೂ ದೂರವಿಲ್ಲ. ಕುಶಾಲನಗರ ಕಳೆದು ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅಲ್ಲಿ ಬಲಕ್ಕೆ ತಿರುಗಿದರೆ ಟಿಬೆಟಿಯನ್ ಕ್ಯಾಂಪ್. ಹೊಳೆಯಾಚೆ ಮೈಸೂರು ಜಿಲ್ಲೆ ಅನ್ನೋದು ಹೆಸರಿಗಷ್ಟೇ. ಬಂದವರೆಲ್ಲ ಗೋಲ್ಡನ್ ಟೆಂಪಲ್‌ನ 60 ಅಡಿ ಬುದ್ಧನನ್ನು ನೋಡಿ, ಮೊಮೊ ತಿಂದು ಹೊರಡುತ್ತಾರೆ. ಮುಸುಕಿನ ಜೋಳದ ಹೊಲಗಳ ನಡುವಿನ ಹಳ್ಳಿಗಳ ಕಡೆ ಯಾರೂ ತಿರುಗುವುದಿಲ್ಲ.

ನಾನು ಹೋಗುವುದು ಅಂಥದ್ದೊಂದು ಹಳ್ಳಿಗೆ. ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಹಿಂದೆ ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುತ್ತಿದ್ದರು, ನಮ್ಮಮ್ಮನಿಗೆ ಆಗಿನಿಂದ ಗೆಳತಿ. ನಾವೆಲ್ಲ ಅಮಾಲಾ ಅನ್ನುತ್ತೇವೆ. ಟಿಬೆಟಿಯನ್ನರಲ್ಲಿ ಅಮ್ಮನನ್ನು ಹಾಗೇ ಕರೆಯುವುದು.

ಈ ಸಲ ಹೋದಾಗ ತ್ಸಂಪಾ ಕಲಸುತ್ತಿದ್ದರು. ಮರದ ಬಟ್ಟಲಿನಲ್ಲಿ ಒಂದಿಷ್ಟು ಬೆಣ್ಣೆ ಚಹಾ, ಮೇಲೆ ಹುರಿದ ಬಾರ್ಲಿ ಹಿಟ್ಟು. ಎಡಗೈ ಬಟ್ಟಲನ್ನು ಮೆಲ್ಲಗೆ ತಿರುಗಿಸುತ್ತಲೇ ಇರುತ್ತದೆ, ಬಲಗೈ ಬೆರಳು ಹಿಟ್ಟನ್ನು ಅಂಚಿಗೆ ಒತ್ತುತ್ತದೆ. ಒಂದು ಚೂರೂ ಹೊರಗೆ ಚೆಲ್ಲಲಿಲ್ಲ. ಉಂಡೆ ಮಾಡಿ ಕೈಗಿಟ್ಟರು. ಬಿಸಿಬಿಸಿ, ಸ್ವಲ್ಪ ಉಪ್ಪುಪ್ಪು.

ಅಮಾಲಾ ಹುಟ್ಟೂರು ಚೊಂಗ್ಯೇ ಹತ್ತಿರ. ಟಿಬೆಟಿನ ಹಳೇ ರಾಜರ ಸಮಾಧಿಗಳಿರುವ ಕಣಿವೆ ಅದು. ಸಮಾಧಿ ಅಂದರೆ ಗುಡ್ಡದಷ್ಟು ದೊಡ್ಡ ಮಣ್ಣಿನ ದಿಬ್ಬಗಳು. ಒಂದು 7ನೇ ಶತಮಾನದ ಸೊಂಗ್‌ತ್ಸೆನ್ ಗಂಪೊನದು, ಅದರ ನೆತ್ತಿಯ ಮೇಲೊಂದು ಪುಟ್ಟ ಗುಡಿ. ಚಿಕ್ಕವರಿದ್ದಾಗ ಅಪ್ಪನ ಕೈ ಹಿಡಿದು ಹತ್ತುತ್ತಿದ್ದರಂತೆ. ಆ ರಾಜನ ಕಾಲದಲ್ಲೇ ಭಾರತಕ್ಕೆ ಬಂದು ಕಲಿತು ಹೋದವರು ಟಿಬೆಟಿಗೆ ಲಿಪಿ ಮಾಡಿಕೊಟ್ಟರು ಅನ್ನೋದು ಅವರ ನಂಬಿಕೆ. "ನಮ್ಮ ಅಕ್ಷರ ನಿಮ್ಮ ದೇಶದ್ದು" ಅನ್ನುವಾಗ ಮುಖ ಅರಳುತ್ತದೆ.

1959ರಲ್ಲಿ ಊರು ಬಿಟ್ಟಾಗ ಅವರಿಗೆ ಎಂಟು ವರ್ಷ. 1961ರಲ್ಲಿ ಇಲ್ಲಿ ಕ್ಯಾಂಪ್ ಶುರುವಾದಾಗ ಬರೀ ಕಾಡು, ಆನೆ ಕಾಟ. ದೊಡ್ಡವರು ಮರ ಕಡಿದರು, ಮಕ್ಕಳು ಸೊಪ್ಪು ಎಳೆದರು. ಆಮೇಲೆ ಚೊಂಗ್ಯೇ ನೋಡಲಿಲ್ಲ.

"ನಿಮ್ಮ ರಾಜರನ್ನ ಎಲ್ಲಿ ಇಟ್ಟಿದಾರೆ?" ಅಂತ ಅವರೇ ಕೇಳಿದರು. ಕಾರು ಹತ್ತಿಸಿಕೊಂಡು ಮಡಿಕೇರಿಗೆ ಹೊರಟೆ.

ದಾರಿಯಲ್ಲಿ ಒಂದು ಮಾತು ಹೇಳಿದೆ. ಕುಶಾಲನಗರಕ್ಕೆ ನಮ್ಮ ಹಿರಿಯರು ಫ್ರೇಸರ್‌ಪೇಟೆ ಅನ್ನುತ್ತಿದ್ದರು. 1834ರಲ್ಲಿ ಕೊಡಗನ್ನು ಕಂಪನಿಯ ವಶಕ್ಕೆ ತೆಗೆದುಕೊಂಡ ಕರ್ನಲ್ ಫ್ರೇಸರ್ ಹೆಸರು ಅದು. ಅಮಾಲಾ ಕಿಟಕಿಯಿಂದ ಪೇಟೆ ನೋಡಿದರು, ಏನೂ ಅನ್ನಲಿಲ್ಲ.

ಗದ್ದುಗೆ ಅಂದರೆ ನಮ್ಮ ಕೊಡಗಿನ ರಾಜರ ಸಮಾಧಿ. ಅಲ್ಲಿ ಆ ಹೊತ್ತಿಗೆ ಹೆಚ್ಚು ಜನ ಇರಲಿಲ್ಲ. ಗುಮ್ಮಟ ನೋಡಿ ಮಸೀದಿಯಾ ಅಂದರು. ಗೋಪುರದ ಮೇಲಿನ ನಂದಿ ತೋರಿಸಿದೆ. ಕೊಡಗನ್ನು ಆಳಿದ ಹಾಲೇರಿ ರಾಜರು ಲಿಂಗಾಯತರು, ಒಳಗೆ ಶಿವಲಿಂಗವಿದೆ. ಒಂದು ಕಟ್ಟಡ ದೊಡ್ಡ ವೀರರಾಜೇಂದ್ರನದು, ಪಕ್ಕದ್ದು ಅವನ ತಮ್ಮ ಲಿಂಗರಾಜೇಂದ್ರನದು. ರಾಣಿಯರೂ ಅಲ್ಲೇ ಇದ್ದಾರೆ. ಟಿಪ್ಪುವಿನ ಜೊತೆ ಕಾದಾಡಿ ಸತ್ತ ಬಿದ್ದಂಡ ಬೋಪುವಿನ ಸಮಾಧಿಯೂ ಅದೇ ಆವರಣದಲ್ಲಿದೆ.

ಅಮಾಲಾ ಚಪ್ಪಲಿ ಬಿಟ್ಟು, ಜಪಮಾಲೆ ಎಣಿಸುತ್ತಾ ಮೂರು ಸುತ್ತು ಬಂದರು. ಕಿಟಕಿಯ ಹಿತ್ತಾಳೆ ಸರಳಿಗೆ ಹಣೆ ಮುಟ್ಟಿಸಿದರು. ನಾನು ಶಾಲೆ ಟ್ರಿಪ್‌ನಿಂದ ಹಿಡಿದು ಎಷ್ಟು ಸಲ ಇಲ್ಲಿಗೆ ಬಂದಿದ್ದೇನೋ, ಒಂದು ಸಲವೂ ಕೈ ಮುಗಿದಿರಲಿಲ್ಲ.

"ಕಡೇ ರಾಜ ಯಾವುದರಲ್ಲಿ?"

ಇಲ್ಲಿಲ್ಲ ಅಂದೆ. ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು ಇಳಿಸಿ ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನ ಜೊತೆ ಲಂಡನ್ನಿಗೆ ಹೋದ, 1859ರಲ್ಲಿ ಅಲ್ಲೇ ತೀರಿಕೊಂಡ. ಕ್ರೂರಿ ಅಂತ ಅವನ ಬಗ್ಗೆ ತುಂಬ ಓದಿದ್ದೇವೆ. ಅದೇನೇ ಇರಲಿ, ಅಪ್ಪ ಲಿಂಗರಾಜೇಂದ್ರನಿಗೆ ಇಷ್ಟು ಚೆಂದದ ಗದ್ದುಗೆ ಕಟ್ಟಿಸಿದವನಿಗೆ ಪಕ್ಕದಲ್ಲಿ ಜಾಗ ಸಿಗಲಿಲ್ಲ ಅಂತ ಅವತ್ತು ನನಗೆ ನಿಜವಾಗಿ ಸಂಕಟವಾಯಿತು.

"ವಾಪಸ್ ಬರಲೇ ಇಲ್ವಾ?"

"ಇಲ್ಲ ಅಮಾಲಾ."

ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತರು. ಆಮೇಲೆ ನನ್ನ ಭುಜ ಹಿಡಿದು ಎದ್ದು ಮತ್ತೆ ಜಪಮಾಲೆ ತೆಗೆದರು. ಆಗಲೇ ಮೂರು ಸುತ್ತು ಆಯ್ತಲ್ಲ ಅಂದೆ.

"ಇದು ಬರದೇ ಇರೋರಿಗೆ" ಅಂದರು.

ನಾನೂ ಚಪ್ಪಲಿ ಬಿಟ್ಟು ಅವರ ಹಿಂದೆ ಹೊರಟೆ.