ಬೇಟೆಗಿಂತ ಪೇಪರ್ ಕೆಲಸವೇ ಜಾಸ್ತಿ

ಇಲ್ಲಿ ಡಲ್ಲಾಸ್‌ನಲ್ಲಿ ನಮ್ಮ ಪಕ್ಕದ ಮನೆಯವರು ದಕ್ಷಿಣ ಆಫ್ರಿಕಾದ ಲಿಂಪೊಪೊಗೆ ಬೇಟೆಗೆ ಹೊರಟಿದ್ದಾರೆ. ಕುಡು, ಇಂಪಾಲ ಅನ್ನೋ ಜಿಂಕೆಯಂಥ ಪ್ರಾಣಿಗಳನ್ನು ಹೊಡೆಯಲು. ಅವರ ತಯಾರಿ ನೋಡಿದರೆ ಮಗಳ ಮದುವೆಗೂ ಇಷ್ಟು ಓಡಾಟ ಇರಲ್ಲ!

ಕೋವಿ ಒಯ್ಯುವುದೇ ದೊಡ್ಡ ಕಥೆ. ಮೊದಲು ಅದನ್ನು ಇಲ್ಲಿನ ಕಸ್ಟಮ್ಸ್ ಆಫೀಸಿಗೆ ಹೊತ್ತುಕೊಂಡು ಹೋಗಿ, ಸೀರಿಯಲ್ ನಂಬರ್ ತೋರಿಸಿ, ಕೋವಿ ನಮ್ಮದೇ ಅನ್ನೋದಕ್ಕೆ ದಾಖಲೆಯಾಗಿ 4457 ಫಾರಂ ಮಾಡಿಸಬೇಕು. ಆಮೇಲೆ ಕೋವಿಯನ್ನು ಆ ದೇಶದೊಳಗೆ ತರಲು ಅನುಮತಿ ಕೇಳುವ ದಕ್ಷಿಣ ಆಫ್ರಿಕಾ ಪೊಲೀಸರ 520 ಫಾರಂ. ಕಪ್ಪು ಇಂಕಿನಲ್ಲೇ ತುಂಬಬೇಕು, ಸಹಿ ಮಾತ್ರ ಅಲ್ಲಿಳಿದು ಪೊಲೀಸರ ಎದುರಿಗೇ. ವಿಮಾನಕ್ಕೆ ಬೀಗ ಹಾಕಿದ ಗಟ್ಟಿ ಪೆಟ್ಟಿಗೆ, ಗುಂಡುಗಳಿಗೆ 5 ಕೆಜಿ ಮಿತಿ.

ಮಲೇರಿಯಾಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ, ವಾಪಸ್ ಬಂದ ಮೇಲೂ 4 ವಾರ. ಬಟ್ಟೆ ಮಾತ್ರ ಮೂರೇ ಜೊತೆ, ಲಾಡ್ಜ್‌ನವರು ದಿನಾ ಒಗೆದು ಕೊಡ್ತಾರಂತೆ.

ಗ್ಯಾರೇಜಿನಲ್ಲಿ ದಿನವೂ ಅಭ್ಯಾಸ ಬೇರೆ. ಮೇಲ್ತುದಿಯಲ್ಲಿ ಕಟ್ಟಿದ ಮೂರು ಕೋಲು, ಅದರ ಮೇಲೆ ಖಾಲಿ ಕೋವಿ. ನಿಂತಲ್ಲೇ ಉಸಿರು ಬಿಗಿಹಿಡಿದು, ಗೋಡೆಗೆ ಅಂಟಿಸಿದ ಪುಟ್ಟ ಹಳದಿ ಚೀಟಿಗೆ ಗುರಿ. ಟಕ್ ಅಂತ ಸದ್ದು, ಅಷ್ಟೇ.

ನಮ್ಮ ಭಾರತದಲ್ಲಿ ಬೇಟೆ ನಿಷೇಧಿಸುವ 1972ರ ವನ್ಯಜೀವಿ ಕಾಯ್ದೆ ಇದೆ. ನಾಗರಹೊಳೆಯಲ್ಲಿ ಜೀಪಿನಿಂದ ಜಿಂಕೆ ಫೋಟೊ ತೆಗೆದು ಬೆಳೆದವನು ನಾನು. ದಕ್ಷಿಣ ಆಫ್ರಿಕಾದಲ್ಲಿ ಬೇಟೆಯಿಂದ ದುಡ್ಡು ಬರುತ್ತೆ ಅಂತಲೇ ಜಮೀನ್ದಾರರು ಕಾಡುಪ್ರಾಣಿ ಸಾಕುತ್ತಾರೆ, ಇಲ್ಲದಿದ್ದರೆ ದನ ಕಟ್ಟುತ್ತಿದ್ದರು ಅನ್ನುವುದು ಪಕ್ಕದ ಮನೆಯವರ ವಾದ. ಪೂರ್ತಿ ತಳ್ಳಿಹಾಕಲೂ ಆಗಲ್ಲ, ಮನಸ್ಸೂ ಒಪ್ಪಲ್ಲ. ಅವರು ಬರುವವರೆಗೆ ಅವರ ನಾಯಿಗೆ ಊಟ ಹಾಕೋದು ನಮ್ಮ ಪಾಲಿಗೆ ಬಂದಿದೆ.