ತೆನೆ ಮಾಗುವ ತನಕ

ಕನ್ಯಾಮರಿಯಮ್ಮನವರ ಜನ್ಮದಿನವಾದ ಸೆಪ್ಟೆಂಬರ್ 8ನ್ನು ಕರಾವಳಿಯ ಕಥೋಲಿಕರಾದ ನಾವು ಮೊಂತಿ ಹಬ್ಬವೆಂದು, ತೆನೆ ಹಬ್ಬವೆಂದು ಆಚರಿಸುತ್ತೇವೆ. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸಿದ ಮೇಲೆ, ಗುರುಗಳು ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಮನೆಗೆ ಬರುತ್ತದೆ. ಪ್ರಭುವಿನ ಆಗಮನದವರೆಗೆ ತಾಳ್ಮೆಯಿಂದಿರಿ ಎಂದು ಬರೆದ ಸಂತ ಯಕೋಬರು, ಮುಂಗಾರು ಹಿಂಗಾರುಗಳಿಗಾಗಿ ಕಾಯುವ ಬೇಸಾಯಗಾರನನ್ನೇ ಏಕೆ ತೋರಿಸಿದರೆಂಬುದು ಈ ಸಲ ತೆನೆ ಕೈಗೆ ಬಂದಾಗ ನನ್ನ ಮನಸ್ಸಿಗೆ ನಾಟಿತು.

ನಮ್ಮ ಅಜ್ಜಿ ಆ ತೆನೆಯ ಕಾಳುಗಳನ್ನು ಒಂದೊಂದಾಗಿ ಉಗುರಿನಿಂದ ಸುಲಿಯುತ್ತಿದ್ದರು. ಹಸಿ ಭತ್ತದ ಹೊಟ್ಟು ಸುಲಭಕ್ಕೆ ಬಿಡುವುದಿಲ್ಲ. ಅವಸರಪಟ್ಟರೆ ಒಳಗಿನ ಎಳೆಯ ಅಕ್ಕಿ ನುಜ್ಜಾಗಿ ಬೆರಳಿಗೆ ಅಂಟಿಕೊಳ್ಳುತ್ತದೆ. ಬಾಳೆ ಎಲೆಯ ಮುಂದೆ ಕುಳಿತ ನಾವು ಹಸಿವೆಯಿಂದ ಗೊಣಗಿದರೂ ಅವರ ಬೆರಳುಗಳ ಗತಿ ಬದಲಾಗುತ್ತಿರಲಿಲ್ಲ. ತುಟಿಯ ಮೇಲೆ ‘ನಮಾನ್ ಮರಿಯೆ’ ಎಂಬ ಕೊಂಕಣಿ ಜಪ ನಡೆದೇ ಇರುತ್ತಿತ್ತು. ಸುಲಿದ ಅಕ್ಕಿಯನ್ನು ಅರೆದು ಹಾಲಿಗೆ ಬೆರೆಸಿ ಎಲ್ಲರಿಗೂ ಕೊಟ್ಟ ಮೇಲೆಯೇ ಊಟ. ಪರವೂರಿನಲ್ಲಿದ್ದವರ ಪಾಲಿನ ಕಾಳುಗಳು ಅಂಚೆ ಲಕೋಟೆಯೊಳಗೆ ಸೇರುತ್ತಿದ್ದವು.

ಮರಿಯಮ್ಮನವರ ಬಾಳನ್ನು ನೆನೆದರೆ ಅಜ್ಜಿಗೆ ಆ ಸಮಾಧಾನ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಹುಟ್ಟುವ ಮಗನಿಗೆ ದಾವೀದನ ಸಿಂಹಾಸನ ದೊರೆಯುವುದೆಂದು ದೇವದೂತನು ಹೇಳಿದ ಮೇಲೆ ಸುಮಾರು 30 ವರ್ಷ ಆ ತಾಯಿ ಕಂಡದ್ದು ನಜರೇತಿನ ಒಲೆ, ನೀರಿನ ಕೊಡ, ಬಡಗಿಯ ಮನೆಯ ದುಡಿಮೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿಯಿತೆಂದು ತಿಳಿಸಿದಾಗಲೂ ಮಗನಿಂದ ಕೇಳಿದ್ದು, ತನ್ನ ಗಳಿಗೆ ಇನ್ನೂ ಬಂದಿಲ್ಲವೆಂಬ ಮಾತು. ಆದರೂ ಅವರು ಮುನಿಸಿಕೊಳ್ಳದೆ, ಆತ ಹೇಳಿದಂತೆ ಮಾಡಿರೆಂದು ಸೇವಕರಿಗೆ ತಿಳಿಸಿದರು.

ನಮ್ಮ ತಾಳ್ಮೆಯ ಪರೀಕ್ಷೆಯೂ ಬಹುಮಟ್ಟಿಗೆ ಅಡುಗೆಮನೆಯಲ್ಲೇ ನಡೆಯುತ್ತದೆ. ಮರೆವು ಆವರಿಸಿದ ನನ್ನ ಅತ್ತೆಯವರು ಮಗ ಎಷ್ಟು ಹೊತ್ತಿಗೆ ಬರುತ್ತಾನೆಂದು ಒಂದೇ ಸಂಜೆಯಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಪ್ರತಿ ಸಲವೂ ಅದು ಅವರಿಗೆ ಮೊದಲ ಪ್ರಶ್ನೆಯೇ. ಎಷ್ಟು ಸಲ ಕ್ಷಮಿಸಬೇಕೆಂದು ಕೇಳಿದ ಶಿಷ್ಯ ಪೇತ್ರರಿಗೆ ಯೇಸುಸ್ವಾಮಿ ಹೇಳಿದ ಏಳೆಪ್ಪತ್ತು ಸಲದ ಕ್ಷಮೆ, ಮೊದಲ ಸಲದ ದನಿಯಲ್ಲೇ ಅವರಿಗೆ ಉತ್ತರಿಸುವುದನ್ನೂ ಒಳಗೊಂಡಿದೆಯೆಂದು ನಾನು ನಂಬುತ್ತೇನೆ. ಆದರೆ ಇಂದು ಹಬ್ಬದ ಊಟಕ್ಕೂ ಎಲ್ಲರೂ ಒಟ್ಟಿಗೆ ಕೂರುವುದಿಲ್ಲ. ಜಪಸರದ ಐದು ರಹಸ್ಯಗಳು, ಅಂದರೆ ಯೇಸು-ಮರಿಯರ ಬಾಳಿನ ಐದು ಘಟನೆಗಳ ಧ್ಯಾನ, ಮುಗಿಯುವ ಮುನ್ನ ಕೈ ಮೊಬೈಲಿನತ್ತ ಹೋಗುತ್ತದೆ. ಇದು ನನಗೆ ನಿಜವಾಗಿ ನೋವು ತರುತ್ತದೆ.

ಮೊಂತಿ ಮಾತೆಯೇ, ನಮ್ಮ ಮನೆಗಳಲ್ಲಿ ನಿಧಾನವಾಗಿ ನಡೆಯುವವರಿಗೆ, ನಿಧಾನವಾಗಿ ಉಣ್ಣುವವರಿಗೆ, ಹೇಳಿದ್ದನ್ನೇ ಹೇಳುವವರಿಗೆ ನಮ್ಮಿಂದ ನೋವಾಗದಂತೆ ನಿಮ್ಮ ಪುತ್ರನಲ್ಲಿ ಬೇಡಿಕೊಳ್ಳಿರಿ.